ಗಡಿಯಾರ ಸರಿ ಇತ್ತು, ಲೆಕ್ಕ ತಪ್ಪಿತ್ತು: ವಿಡಿಯೋ ಎನ್‌ಕೋಡಿಂಗ್‌ಗೆ ಟೈಮ್ ಹಿಡಿದವರ ಕತೆ

ಇವತ್ತಿನ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತೆ.

ಎರಡು ಸಂಚಿಕೆ ಹಿಂದೆ ನಾನು ಎರಡು ಕಂಪ್ಯೂಟರ್‌ಗಳನ್ನು ಹೋಲಿಸಿದ್ದೆ, ನೆನಪಿದೆಯಾ? ಒಂದು ನನ್ನ ಹಳೇ ಡೆಸ್ಕ್‌ಟಾಪ್. ಇನ್ನೊಂದು ಸ್ನೇಹಿತನ ಹತ್ತಿರ ಕೇಳಿ ತಂದ ಹೊಸ ಲ್ಯಾಪ್‌ಟಾಪ್. ಇಪ್ಪತ್ತು ನಿಮಿಷದ ಒಂದೇ ವಿಡಿಯೋ, ಒಂದೇ ಎಡಿಟಿಂಗ್ ಸಾಫ್ಟ್‌ವೇರ್. ನಾನು ಕೂತು ಸ್ಟಾಪ್‌ವಾಚ್ ಒತ್ತಲಿಲ್ಲ. ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಅದೇ ಸಾಫ್ಟ್‌ವೇರ್ ತೆರೆಯುತ್ತೆ, ಅದೇ ಫೈಲ್ ಆರಿಸುತ್ತೆ, ಅದೇ ಎಕ್ಸ್‌ಪೋರ್ಟ್ ಬಟನ್ ಒತ್ತುತ್ತೆ, ಮುಗಿದ ತಕ್ಷಣ ಸಮಯ ಬರೆದಿಡುತ್ತೆ. ಡೆಸ್ಕ್‌ಟಾಪ್ 12 ನಿಮಿಷ 40 ಸೆಕೆಂಡ್ ತಗೊಳ್ತು. ಲ್ಯಾಪ್‌ಟಾಪ್ 5 ನಿಮಿಷ 10 ಸೆಕೆಂಡ್. "ಎರಡು ಪಟ್ಟಿಗಿಂತ ಜಾಸ್ತಿ ಸ್ಪೀಡ್, ಕಣ್ಣು ಮುಚ್ಚಿ ತಗೊಳ್ಳಿ" ಅಂದುಬಿಟ್ಟೆ.

ಹಾಸನದ ಹತ್ತಿರ ಮದುವೆ ವಿಡಿಯೋ ಮಾಡೋ ಒಬ್ಬರು ಅದನ್ನು ಕೇಳಿಸಿಕೊಂಡರು. ಅದೇ ಮಾದರಿಯ ಲ್ಯಾಪ್‌ಟಾಪ್‌ಗೆ ಐದು ಸಾವಿರ ಅಡ್ವಾನ್ಸ್ ಕೊಟ್ಟರು, ಉಳಿದದ್ದು ಇಎಂಐ. ಅಂಗಡಿಯಲ್ಲೇ ಒಂದು ಕ್ಲಿಪ್ ಎಕ್ಸ್‌ಪೋರ್ಟ್ ಮಾಡಿ ನೋಡಿ ನನಗೆ ಫೋನ್ ಮಾಡಿದರು. "ತಮ್ಮಾ, ಸ್ಪೀಡ್ ಏನೋ ಇದೆ. ಆದ್ರೆ ಧಾರೆ ಸೀರೆಯ ಜರಿ ಅಂಚೆಲ್ಲಾ ಕಲಸಿಹೋದ ಹಾಗೆ ಕಾಣ್ತದಲ್ಲ? ಹೆಣ್ಣಿನ ಕಡೆಯವರು ಬಿಡ್ತಾರಾ ನನ್ನ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದೆ. ಹುಡುಕಿದಾಗ ಗೊತ್ತಾಗಿದ್ದು ಏನಂದ್ರೆ, ನಾನು ಮಾಡಿದ್ದು ಹೊಸ ತಪ್ಪೇ ಅಲ್ಲ. ಇಪ್ಪತ್ತೈದು ವರ್ಷದ ಹಿಂದೆ ದೊಡ್ಡ ದೊಡ್ಡವರೂ ಇದೇ ಜಾಗದಲ್ಲಿ ಎಡವಿದ್ದರು. ಆ ಕತೆ ಹೇಳಿ, ಕೊನೆಯಲ್ಲಿ ಹಾಸನದ ಅಣ್ಣನ ವಿಷಯಕ್ಕೆ ವಾಪಸ್ ಬರ್ತೀನಿ.

ಉರು ಹೊಡೆದ ಕಂಪ್ಯೂಟರ್

ಕಂಪ್ಯೂಟರ್ ಎಷ್ಟು ವೇಗ ಅಂತ ಅಳೆಯೋ ಆಸೆ ಹಳೆಯದು. 1972ರಲ್ಲಿ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ 'ವೆಟ್‌ಸ್ಟೋನ್' ಅನ್ನೋ ಪರೀಕ್ಷಾ ಪ್ರೋಗ್ರಾಂ ತಯಾರಾಯಿತು. ವೆಟ್‌ಸ್ಟೋನ್ ಅನ್ನೋದು ಇಂಗ್ಲೆಂಡಿನ ಒಂದು ಊರಿನ ಹೆಸರು. ಅಲ್ಲಿ ಬರೆದ ಕಂಪೈಲರ್‌ಗೆ ಊರಿನ ಹೆಸರು ಬಂತು, ಕಂಪೈಲರ್‌ನಿಂದ ಪರೀಕ್ಷೆಗೂ ಬಂತು. ದಶಮಾಂಶದ ಲೆಕ್ಕಗಳನ್ನು ಮತ್ತೆ ಮತ್ತೆ ಮಾಡಿಸಿ ಸಮಯ ನೋಡೋದು ಅದರ ಕೆಲಸ. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಪೂರ್ಣಾಂಕಗಳ ಕೆಲಸಕ್ಕೆ ಇನ್ನೊಂದು ಬರೆದರು. 'ವೆಟ್' ಅಂದ್ರೆ ಇಂಗ್ಲಿಷಿನಲ್ಲಿ ಒದ್ದೆ ಅಂತ ಕೇಳಿಸುತ್ತಲ್ಲ, ಅದಕ್ಕೆ ತಮಾಷೆಯಾಗಿ 'ಡ್ರೈಸ್ಟೋನ್' ಅಂತ ಹೆಸರಿಟ್ಟರು.

ಇವೆರಡರದ್ದೂ ಒಂದೇ ಸಮಸ್ಯೆ. ಪ್ರೋಗ್ರಾಂ ಚಿಕ್ಕದು, ಎಲ್ಲರಿಗೂ ಗೊತ್ತಿರೋದು. ಕಂಪೈಲರ್ ಬರೆಯೋರು ಆ ಪ್ರಶ್ನೆಪತ್ರಿಕೆಯನ್ನೇ ನೋಡಿಕೊಂಡು ಓದಿದ ಹಾಗೆ ತಯಾರಿ ಮಾಡಬಹುದಿತ್ತು. "ಈ ಲೆಕ್ಕದ ಉತ್ತರವನ್ನು ಮುಂದೆ ಯಾರೂ ಬಳಸೋದೇ ಇಲ್ಲ" ಅಂತ ಕಂಪೈಲರ್‌ಗೆ ಗೊತ್ತಾದರೆ ಅದು ಆ ಲೆಕ್ಕವನ್ನೇ ಕೈಬಿಡುತ್ತೆ. ಅಂಕ ಬಂತು, ಕೆಲಸ ಆಗಲಿಲ್ಲ. ಪರೀಕ್ಷೆಗೆ ಉರು ಹೊಡೆದು ನೂರಕ್ಕೆ ನೂರು ತಗೊಂಡವನಿಗೆ ಅಂಗಡಿಯ ಬಿಲ್ ಕೂಡಿಸೋಕೆ ಬರಲಿಲ್ಲ ಅನ್ನೋ ಹಾಗೆ.

ಅದಕ್ಕೆ ಜನ ಕೇಳಿದ್ದು ಇಷ್ಟೇ: ನಾವು ದಿನಾ ಬಳಸೋ ಸಾಫ್ಟ್‌ವೇರ್‌ನಲ್ಲೇ ಪರೀಕ್ಷೆ ಮಾಡಿ ತೋರಿಸಿ.

ಕಾಣದ ಬೆರಳು

ಹೇಳೋದು ಸುಲಭ. ವರ್ಡ್, ಎಕ್ಸೆಲ್, ಫೋಟೋಶಾಪ್ ಇವೆಲ್ಲಾ ಮನುಷ್ಯ ಕೂತು ಬಳಸೋಕೆ ಮಾಡಿದ ಸಾಫ್ಟ್‌ವೇರ್. ಮನುಷ್ಯ ಒಂದು ಸಲ ಮೌಸ್ ಹಿಡಿದ ಹಾಗೆ ಇನ್ನೊಂದು ಸಲ ಹಿಡಿಯಲ್ಲ. ಹತ್ತು ಕಂಪ್ಯೂಟರ್ ಹೋಲಿಸಬೇಕಾದರೆ ಹತ್ತರಲ್ಲೂ ಕ್ಲಿಕ್‌ಗಳು ಒಂದೇ ಥರ ಇರಬೇಕು. ಅಂದ್ರೆ ಮನುಷ್ಯನ ಜಾಗದಲ್ಲಿ ಒಂದು ಕಾಣದ ಬೆರಳು ಬೇಕು.

ಆ ಬೆರಳಿನ ಮೊದಲ ರೂಪ ಆಗಲೇ ಇತ್ತು. 1990ರಲ್ಲಿ ಬಂದ ವಿಂಡೋಸ್ 3.0 ಜೊತೆ 'ರೆಕಾರ್ಡರ್' ಅನ್ನೋ ಚಿಕ್ಕ ಪ್ರೋಗ್ರಾಂ ಸಿಗುತ್ತಿತ್ತು. ನೀವು ಒತ್ತಿದ ಕೀ, ಆಡಿಸಿದ ಮೌಸ್ ಎರಡನ್ನೂ ನೆನಪಿಟ್ಟುಕೊಂಡು ಮತ್ತೆ ಹಾಗೇ ಮಾಡಿ ತೋರಿಸುತ್ತಿತ್ತು. ವಿಂಡೋಸ್ 95 ಬರೋ ಹೊತ್ತಿಗೆ ಅದು ಮಾಯವಾಯಿತು. ಆದರೆ ಆಸೆ ಮಾಯವಾಗಲಿಲ್ಲ.

ಅಮೆರಿಕದ ಕಂಪ್ಯೂಟರ್ ಪತ್ರಿಕೆಗಳ ಪ್ರಕಾಶನ ಸಂಸ್ಥೆ ಜಿಫ್ ಡೇವಿಸ್ 'ವಿನ್‌ಸ್ಟೋನ್' ಅನ್ನೋ ಪರೀಕ್ಷೆ ತಂದಿತು. 1991ರಲ್ಲಿ ಕಂಪ್ಯೂಟರ್ ಉದ್ಯಮದ ಕಂಪನಿಗಳೇ ಸೇರಿ ಕಟ್ಟಿದ 'ಬ್ಯಾಪ್‌ಕೋ' ಕೂಟ 'ಸಿಸ್‌ಮಾರ್ಕ್' ತಂದಿತು. ಎರಡರ ಉಪಾಯವೂ ಒಂದೇ: ನಿಜವಾದ ಸಾಫ್ಟ್‌ವೇರ್, ಸ್ಕ್ರಿಪ್ಟಿನ ಬೆರಳು, ಕೊನೆಗೆ ಒಂದು ಅಂಕ.

ಇವು ದೊಡ್ಡವರ ಸಾಮಾನು. ನಮ್ಮ ನಿಮ್ಮಂಥವರ ಕೈಗೆ ಆ ಬೆರಳು ಸಿಕ್ಕಿದ್ದು 1999ರಲ್ಲಿ, ಜೊನಾಥನ್ ಬೆನೆಟ್ ಬರೆದ 'ಆಟೋಇಟ್' ಮೂಲಕ. ಅದು ಹುಟ್ಟಿದ್ದು ವೇಗ ಅಳೆಯೋಕಲ್ಲ. ಒಂದು ಸಂಸ್ಥೆಯ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಸಾಫ್ಟ್‌ವೇರ್ ಹಾಕುವಾಗ "ನೆಕ್ಸ್ಟ್, ನೆಕ್ಸ್ಟ್, ಫಿನಿಶ್" ಅಂತ ಒತ್ತಿ ಒತ್ತಿ ಸುಸ್ತಾಗೋರಿಗೆ. ಆಮೇಲೆ ಕ್ರಿಸ್ ಮ್ಯಾಲೆಟ್ ಅನ್ನೋರು ಅದರಲ್ಲಿ ಹಾಟ್‌ಕೀ ಸೌಲಭ್ಯ ಸೇರಿಸೋಣ ಅಂತ ಸಲಹೆ ಕೊಟ್ಟರು. ಅದು ನಡೆಯಲಿಲ್ಲ. ತಾವೇ ಬೇರೆ ಶುರು ಮಾಡಿದರು. 2003ರಲ್ಲಿ ಬಂದ ಅದೇ 'ಆಟೋಹಾಟ್‌ಕೀ'. ಇವತ್ತಿಗೂ ಎರಡೂ ಉಚಿತವಾಗಿ ಸಿಗುತ್ತವೆ.

ಇಂಥ ಸ್ಕ್ರಿಪ್ಟ್ ಹೇಗೆ ಕೆಲಸ ಮಾಡುತ್ತೆ ಅಂತ ಒಂದೇ ನಿಮಿಷದಲ್ಲಿ ಹೇಳ್ತೀನಿ. ಮೊದಲು ಸಾಫ್ಟ್‌ವೇರ್ ತೆರೆಯುತ್ತೆ. ಅದರ ವಿಂಡೋ ಪರದೆ ಮೇಲೆ ಬರೋವರೆಗೆ ಕಾಯುತ್ತೆ. ವಿಂಡೋವನ್ನು ಗುರುತಿಸೋದು ಸಾಮಾನ್ಯವಾಗಿ ಮೇಲಿನ ಪಟ್ಟಿಯಲ್ಲಿರೋ ಹೆಸರಿನಿಂದ. ಆಮೇಲೆ ಫೈಲ್ ಹೆಸರು ಟೈಪ್ ಮಾಡುತ್ತೆ, ಬಟನ್ ಒತ್ತುತ್ತೆ, ಅದೇ ಕ್ಷಣಕ್ಕೆ ಗಡಿಯಾರ ಶುರು. 'ಮುಗಿಯಿತು' ಅನ್ನೋ ವಿಂಡೋ ಬಂದ ತಕ್ಷಣ ಗಡಿಯಾರ ನಿಲ್ಲುತ್ತೆ.

ಕಷ್ಟ ಇರೋದು ಕಾಯೋದರಲ್ಲಿ. ಹಳೇ ಫೈಲ್ ಅಲ್ಲೇ ಇದ್ದರೆ "ಇದರ ಮೇಲೇ ಬರೆಯಲಾ?" ಅಂತ ಒಂದು ಡಬ್ಬಿ ಮೇಲೆ ಬರುತ್ತೆ. ಬೆರಳಿಗೆ ಅದು ಗೊತ್ತಿರಲ್ಲ, ಗಡಿಯಾರ ಓಡ್ತಾನೇ ಇರುತ್ತೆ. ಕೆಲವು ಸಾಫ್ಟ್‌ವೇರ್‌ಗಳಲ್ಲಿ ವಿಂಡೋದ ಹೆಸರಿನ ಜಾಗದಲ್ಲಿ ಶೇಕಡಾ ಎಷ್ಟು ಮುಗಿದಿದೆ ಅಂತ ಬದಲಾಗ್ತಾ ಇರುತ್ತೆ, ಸ್ಕ್ರಿಪ್ಟ್ ಗಲಿಬಿಲಿ ಆಗುತ್ತೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋದು ಬೆರಳಿನ ಶಕ್ತಿ. ಅಷ್ಟನ್ನೇ ಮಾಡೋದು ಅದರ ದೌರ್ಬಲ್ಯ.

ಯಾಕೆ ವಿಡಿಯೋನೇ?

ವೇಗ ಅಳೆಯೋಕೆ ಯಾವ ಕೆಲಸ ಒಳ್ಳೇದು? ವರ್ಡ್‌ನಲ್ಲಿ ಪತ್ರ ಬರೆಯೋವಾಗ ಕಂಪ್ಯೂಟರ್ ಬಹುಪಾಲು ನಮಗಾಗಿ ಕಾಯ್ತಾ ಕೂತಿರುತ್ತೆ. ವಿಡಿಯೋ ಎನ್‌ಕೋಡಿಂಗ್ ಹಾಗಲ್ಲ. ಅಲ್ಲಿ ನಾವು ಕಂಪ್ಯೂಟರ್‌ಗಾಗಿ ಕಾಯ್ತೀವಿ.

2000ದ ಸುಮಾರಿಗೆ ಡಿವಿಡಿ ಸಿನಿಮಾವನ್ನು 'ಡಿವ್‌ಎಕ್ಸ್' ರೂಪಕ್ಕೆ ಇಳಿಸಿ ಒಂದು ಸಿಡಿಯಲ್ಲಿ ಹಿಡಿಸೋ ಹುಚ್ಚು ಜಗತ್ತಿಗೆಲ್ಲಾ ಹತ್ತಿತ್ತು. ಎರಡು ಗಂಟೆಯ ಸಿನಿಮಾ, ಸೆಕೆಂಡಿಗೆ 25 ಚಿತ್ರ. ಲೆಕ್ಕ ಹಾಕಿ: 1,80,000 ಚಿತ್ರಗಳು. ಒಂದೊಂದನ್ನೂ ಬಿಚ್ಚಬೇಕು, ಹಿಂದಿನ ಚಿತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಹುಡುಕಬೇಕು, ಮತ್ತೆ ಕಟ್ಟಬೇಕು. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ನೋಡೋದು. ಹಾಗಾಗಿ ಎರಡು ಪ್ರೊಸೆಸರ್‌ಗಳ ನಡುವಿನ ವ್ಯತ್ಯಾಸ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು.

ಆ ಕಾಲದ ಉಪಕರಣಗಳಲ್ಲಿ ಒಂದು, ಏವರಿ ಲೀ ಬರೆದ 'ವರ್ಚುವಲ್‌ಡಬ್'. ಅದರಲ್ಲಿ ಕೆಲಸಗಳನ್ನು ಸಾಲಾಗಿ ಪಟ್ಟಿ ಮಾಡಿ ಇಡಬಹುದಿತ್ತು, ಒಳಗೇ ಒಂದು ಸ್ಕ್ರಿಪ್ಟ್ ಭಾಷೆಯೂ ಇತ್ತು. ಇನ್ನೊಂದು, ಆಲ್ಬರ್ಟೊ ವಿಗಾಟಾ ಬರೆದ 'ಫ್ಲಾಸ್ಕ್ ಎಂಪೆಗ್'. ಡಿವಿಡಿಯ ವಿಡಿಯೋ ತಗೊಂಡು ಡಿವ್‌ಎಕ್ಸ್ ಮಾಡಿಕೊಡುತ್ತಿತ್ತು. ನಮ್ಮ ಕತೆಯ ತಿರುವು ಇರೋದು ಇದರಲ್ಲೇ.

ಒಂದೇ ವಾರ, ಎರಡು ತೀರ್ಪು

2000ದ ನವೆಂಬರ್ 20. ಇಂಟೆಲ್ ಪೆಂಟಿಯಂ 4 ಬಿಡುಗಡೆ ಮಾಡಿತು. 4.2 ಕೋಟಿ ಟ್ರಾನ್ಸಿಸ್ಟರ್, 1.4 ಮತ್ತು 1.5 ಗಿಗಾಹರ್ಟ್ಸ್ ವೇಗ. 'ಎಸ್‌ಎಸ್‌ಇ2' ಅನ್ನೋ 144 ಹೊಸ ಸೂಚನೆಗಳು. ಅಂದ್ರೆ ಒಂದೇ ಏಟಿಗೆ ಹಲವು ಸಂಖ್ಯೆಗಳ ಲೆಕ್ಕ ಮುಗಿಸೋ ಹೊಸ ವಿದ್ಯೆ. ವಿಡಿಯೋಗೆ ಹೇಳಿ ಮಾಡಿಸಿದ ಹಾಗಿತ್ತು.

'ಟಾಮ್ಸ್ ಹಾರ್ಡ್‌ವೇರ್' ಜಾಲತಾಣ ಆಗ ಈ ಕ್ಷೇತ್ರದಲ್ಲಿ ದೊಡ್ಡ ಹೆಸರು. 1996ರಲ್ಲಿ ಅದನ್ನು ಶುರು ಮಾಡಿದ ಥಾಮಸ್ ಪಾಬ್ಸ್ಟ್ ವೃತ್ತಿಯಲ್ಲಿ ಜರ್ಮನಿಯ ವೈದ್ಯರು. ಅವರು ಫ್ಲಾಸ್ಕ್ ಎಂಪೆಗ್‌ನಲ್ಲಿ ಡಿವಿಡಿ ವಿಡಿಯೋ ಎನ್‌ಕೋಡ್ ಮಾಡಿ ನೋಡಿದರು. ಹೊಸ ಪೆಂಟಿಯಂ 4, ಎಎಂಡಿಯ ಅಥ್ಲಾನ್‌ಗಿಂತ ಹಿಂದೆ ಬಿತ್ತು.

ಆದರೆ ಫ್ಲಾಸ್ಕ್ ಎಂಪೆಗ್‌ನ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿತ್ತು. ಇಂಟೆಲ್‌ನ ಎಂಜಿನಿಯರ್‌ಗಳು ಅದನ್ನು ತಗೊಂಡು, ಹೊಸ ಸೂಚನೆಗಳನ್ನು ಬಳಸೋ ಹಾಗೆ ತಿದ್ದಿ, ಮತ್ತೆ ಕಂಪೈಲ್ ಮಾಡಿ ಕೊಟ್ಟರು. ಕೆಲವೇ ದಿನಗಳಲ್ಲಿ ಅದೇ ತಾಣದಲ್ಲಿ ಮತ್ತೆ ಲೇಖನ ಬಂತು. ಅದೇ ಪ್ರೊಸೆಸರ್ ಈಗ ಮುಂದಿತ್ತು.

ಇಲ್ಲಿ ಒಂದು ತಾಂತ್ರಿಕ ವಿಷಯ, ಸ್ವಲ್ಪ ತಾಳ್ಮೆಯಿಂದ ಕೇಳಿ. ಡಿವಿಡಿಯ ಪ್ರತಿ ಚಿತ್ರವೂ 8×8 ಚುಕ್ಕಿಗಳ ಚಿಕ್ಕ ಚೌಕಗಳಾಗಿ ಶೇಖರವಾಗಿರುತ್ತೆ. ಆ ಚೌಕಗಳನ್ನು ವಾಪಸ್ ಚಿತ್ರ ಮಾಡೋಕೆ ಒಂದು ಗಣಿತ ಇದೆ. ಫ್ಲಾಸ್ಕ್‌ನ ಸೆಟ್ಟಿಂಗ್‌ನಲ್ಲಿ ಆ ಗಣಿತವನ್ನು ಮಾಡೋ ವಿಧಾನಗಳು ಒಂದಕ್ಕಿಂತ ಹೆಚ್ಚಿದ್ದವು. ಒಂದು ವೇಗದ ದಾರಿ, ಒಂದು ನಿಖರವಾದ ಆದರೆ ನಿಧಾನದ ದಾರಿ. ನೀವು ಯಾವ ದಾರಿ ಆರಿಸ್ತೀರಿ ಅನ್ನೋದರ ಮೇಲೆ ಯಾವ ಪ್ರೊಸೆಸರ್ ಗೆಲ್ಲುತ್ತೆ ಅನ್ನೋದೇ ಬದಲಾಗಬಹುದಿತ್ತು.

ಹಾಗಾದ್ರೆ ಯಾವ ತೀರ್ಪು ನಿಜ? ಎರಡೂ ನಿಜ. ಮೊದಲನೆಯದು "ಇವತ್ತು ಜನರ ಹತ್ತಿರ ಇರೋ ಸಾಫ್ಟ್‌ವೇರ್‌ನಲ್ಲಿ ಇಷ್ಟು" ಅಂತ ಹೇಳಿತು. ಎರಡನೆಯದು "ಸಾಫ್ಟ್‌ವೇರ್ ತಿದ್ದಿದರೆ ಇಷ್ಟು ಸಾಧ್ಯ" ಅಂತ ಹೇಳಿತು. ಎರಡರಲ್ಲೂ ಗಡಿಯಾರ ಸುಳ್ಳು ಹೇಳಲಿಲ್ಲ. ಬದಲಾಗಿದ್ದು ಪ್ರಶ್ನೆ. ನನಗೆ ಇಷ್ಟವಾಗಿದ್ದು, ಎರಡೂ ತೀರ್ಪು ಓದುಗರ ಕಣ್ಣ ಮುಂದೆ ಬಂದವು ಅನ್ನೋದು. ಯಾಕೆ ಬದಲಾಯಿತು ಅಂತ ಕೇಳೋಕೆ ಅವಕಾಶ ಇತ್ತು.

ಲೆಡ್ಜರ್ ಮುಚ್ಚಿದ್ದರೆ?

ನಾನು ಬಿಕಾಂ ಓದಿದವನು. ಆಡಿಟಿಂಗ್ ಕ್ಲಾಸಿನಲ್ಲಿ ಮೊದಲು ಕಲಿಸೋದು: ಒಟ್ಟು ಮೊತ್ತ ನೋಡಿ ಸಹಿ ಹಾಕಬೇಡ, ವೋಚರ್ ಕೇಳು. ಬೆಂಚ್‌ಮಾರ್ಕ್‌ನ ಕೊನೇ ಅಂಕ ಅನ್ನೋದು ಒಟ್ಟು ಮೊತ್ತ. ವೋಚರ್ ಒಳಗಿರುತ್ತೆ.

2001ರ ಸಿಸ್‌ಮಾರ್ಕ್‌ನಲ್ಲಿ ಒಂದು ಭಾಗ ವಿಂಡೋಸ್ ಮೀಡಿಯಾ ಎನ್‌ಕೋಡರ್‌ನಿಂದ ವಿಡಿಯೋ ತಯಾರಿಸೋದು. ಅದೇ ವರ್ಷ ಎಎಂಡಿಯ ಅಥ್ಲಾನ್ ಎಕ್ಸ್‌ಪಿ ಬಂತು. ಅದರಲ್ಲಿ ಎಸ್‌ಎಸ್‌ಇ ಸೂಚನೆಗಳಿದ್ದವು. ಆದರೆ ಪರೀಕ್ಷೆಯೊಳಗಿದ್ದ ಎನ್‌ಕೋಡರ್ ಆವೃತ್ತಿಗೆ ಅದು ಗೊತ್ತಾಗಲಿಲ್ಲ. ನಿಧಾನದ ದಾರಿಯಲ್ಲೇ ಹೋಯಿತು. ಬೆರಳು ಎರಡು ಕಂಪ್ಯೂಟರ್‌ನಲ್ಲೂ ಅದೇ ಬಟನ್ ಒತ್ತಿತ್ತು, ಒಳಗೆ ನಡೆದ ಕೆಲಸ ಬೇರೆ ಆಗಿತ್ತು. ಬರೀ ಕೊನೇ ಅಂಕ ನೋಡಿದವರಿಗೆ ಇದು ಕಾಣೋಕೆ ಸಾಧ್ಯವೇ ಇರಲಿಲ್ಲ.

ಆಮೇಲಿನ ಜಗಳ ಯಾವ ಕೆಲಸಕ್ಕೆ ಎಷ್ಟು ತೂಕ ಅನ್ನೋದರ ಬಗ್ಗೆ. 2011ರ ಜೂನ್‌ನಲ್ಲಿ ಎಎಂಡಿ ಬ್ಯಾಪ್‌ಕೋದಿಂದ ಹೊರಬಂತು. ಸಿಸ್‌ಮಾರ್ಕ್ 2012 ಸಾಮಾನ್ಯ ಜನರ ಬಳಕೆಯನ್ನು ತೋರಿಸಲ್ಲ ಅನ್ನೋದು ಅದರ ದೂರು. ಎನ್‌ವಿಡಿಯಾ ಮತ್ತು ವಿಯಾ ಕೂಡ ಹೊರನಡೆದವು. ಬ್ಯಾಪ್‌ಕೋ ಆ ದೂರನ್ನು ಒಪ್ಪಲಿಲ್ಲ. ಯಾರು ಸರಿ ಅನ್ನೋದು ಬೇರೆ ಚರ್ಚೆ. ತಕ್ಕಡಿ ಯಾರ ಕೈಯಲ್ಲಿದೆ ಅಂತ ಕೇಳೋ ಹಕ್ಕು ಮಾತ್ರ ಗಿರಾಕಿಗೆ ಇದ್ದೇ ಇದೆ.

ಇನ್ನೊಂದು ಕಡೆ ಕಾಣದ ಬೆರಳಿನ ಅಗತ್ಯವೇ ಕಡಿಮೆಯಾಗ್ತಾ ಬಂತು. ಫ್ರಾನ್ಸಿನ ಫಾಬ್ರಿಸ್ ಬೆಲಾರ್ 2000ದಲ್ಲಿ ಶುರು ಮಾಡಿದ 'ಎಫ್‌ಎಫ್‌ಎಂಪೆಗ್', ಆಮೇಲೆ ಬಂದ 'ಎಕ್ಸ್264' ಎನ್‌ಕೋಡರ್, ಇವುಗಳಿಗೆ ಬಟನ್ ಒತ್ತೋದೇ ಬೇಡ. ಒಂದು ಸಾಲಿನ ಆದೇಶ ಬರೆದರೆ ಸಾಕು. 'ಹ್ಯಾಂಡ್‌ಬ್ರೇಕ್' ಸಾಫ್ಟ್‌ವೇರ್‌ಗೂ ಅಂಥದೇ ಕಮಾಂಡ್‌ಲೈನ್ ರೂಪ ಇದೆ. ಆ ಒಂದು ಸಾಲಿನಲ್ಲಿ ಯಾವ ಎನ್‌ಕೋಡರ್, ಎಷ್ಟು ಗುಣಮಟ್ಟ, ಯಾವ ವೇಗದ ಹಂತ ಎಲ್ಲವನ್ನೂ ಬಾಯಿಬಿಟ್ಟು ಬರೆಯಬಹುದು. ಮಲೇಷ್ಯಾದ 'ಟೆಕ್ ಎಆರ್‌ಪಿ' ತಾಣ ಹಂಚಿದ ಎಕ್ಸ್264 ಬೆಂಚ್‌ಮಾರ್ಕ್ ಹೀಗೇ ಇತ್ತು: ಕ್ಲಿಪ್, ಎನ್‌ಕೋಡರ್, ಸ್ಕ್ರಿಪ್ಟ್ ಎಲ್ಲಾ ಒಂದೇ ಕಟ್ಟಿನಲ್ಲಿ. ಯಾರು ಬೇಕಾದರೂ ಮನೆಯಲ್ಲಿ ಓಡಿಸಿ ನೋಡಬಹುದು. ವೋಚರ್ ಸಮೇತ ಲೆಡ್ಜರ್ ಕೊಟ್ಟ ಹಾಗೆ.

ನಿಮ್ಮ ಜೇಬಿನಲ್ಲಿರೋದು

ಇದೆಲ್ಲಾ ಡೆಸ್ಕ್‌ಟಾಪ್ ಕಾಲದ ಮಾತು ಅಂತೀರಾ? 2013ರ ಜುಲೈನಲ್ಲಿ 'ಆನಂದ್‌ಟೆಕ್' ತಾಣ ಒಂದು ವಿಷಯ ಬರೆಯಿತು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ನ ಎಕ್ಸಿನೋಸ್ ಮಾದರಿಯಲ್ಲಿ ಕೆಲವು ಬೆಂಚ್‌ಮಾರ್ಕ್ ಆ್ಯಪ್‌ಗಳು ತೆರೆದಾಗ ಗ್ರಾಫಿಕ್ಸ್ ಚಿಪ್ 533 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅವರು ನೋಡಿದ ಗೇಮ್‌ಗಳಲ್ಲಿ 480. ಫೋನಿನ ಸಾಫ್ಟ್‌ವೇರ್ ಒಳಗೇ ಆ ಆ್ಯಪ್‌ಗಳ ಹೆಸರುಗಳು ಸಿಕ್ಕವು. ಅಂಕ ಹೆಚ್ಚಿಸೋಕೆ ಹೀಗೆ ಮಾಡಿದ್ದು ಅನ್ನೋದನ್ನು ಕಂಪನಿ ಅಲ್ಲಗಳೆಯಿತು. ಆದರೆ ಫೋನು ಕೊಳ್ಳೋವಾಗ ನಾವು ನೋಡೋ ದೊಡ್ಡ ಅಂಕೆಯ ಹಿಂದೆ ಏನಿರಬಹುದು ಅನ್ನೋ ಅನುಮಾನ ಅವತ್ತಿನಿಂದ ಜನರಲ್ಲಿ ಉಳೀತು. ಇನ್‌ಸ್ಪೆಕ್ಟರ್ ಬರೋ ದಿನ ಮಾತ್ರ ನೀಟಾಗಿರೋ ಶಾಲೆ ನಮಗೆಲ್ಲಾ ಗೊತ್ತಲ್ವಾ?

ಹಾಸನಕ್ಕೆ ವಾಪಸ್

ಈಗ ನನ್ನ ತಪ್ಪು. ಈ ಇತಿಹಾಸ ಓದಿದ ಮೇಲೆ ಸ್ಕ್ರಿಪ್ಟ್ ಬಿಟ್ಟು ಸೆಟ್ಟಿಂಗ್ ತೆರೆದು ನೋಡಿದೆ. ಎನ್‌ಕೋಡರ್ ಅನ್ನೋ ಜಾಗದಲ್ಲಿ ಎರಡರಲ್ಲೂ 'ಆಟೋ' ಅಂತ ಇತ್ತು. ಲ್ಯಾಪ್‌ಟಾಪ್‌ನಲ್ಲಿ ಆ 'ಆಟೋ' ಅಂದ್ರೆ ಹಾರ್ಡ್‌ವೇರ್ ಎನ್‌ಕೋಡರ್. ವಿಡಿಯೋ ಕೆಲಸಕ್ಕೇ ಅಂತ ಚಿಪ್‌ನೊಳಗೆ ಇಟ್ಟಿರೋ ಪ್ರತ್ಯೇಕ ಭಾಗ. ಹಳೇ ಡೆಸ್ಕ್‌ಟಾಪ್‌ನಲ್ಲಿ 'ಆಟೋ' ಅಂದ್ರೆ ಪ್ರೊಸೆಸರ್ ಕೂತು ಮಾಡೋ ಸಾಫ್ಟ್‌ವೇರ್ ಎನ್‌ಕೋಡಿಂಗ್. ಹಾರ್ಡ್‌ವೇರ್ ದಾರಿ ತುಂಬಾ ವೇಗ. ಆದರೆ ಅಷ್ಟೇ ಫೈಲ್ ಸೈಜ್‌ನಲ್ಲಿ, ತಾಳ್ಮೆಯಿಂದ ಮಾಡಿದ ಸಾಫ್ಟ್‌ವೇರ್ ಎನ್‌ಕೋಡಿಂಗ್‌ನಷ್ಟು ಸೂಕ್ಷ್ಮ ವಿವರ ಸಾಮಾನ್ಯವಾಗಿ ಉಳಿಯಲ್ಲ. ಜರಿ ಅಂಚು, ಮಂಟಪದ ಮಲ್ಲಿಗೆ, ಅಕ್ಷತೆ ಕಾಳು: ಕಲಸಿಹೋಗೋದು ಮೊದಲು ಇವೇ. ನಾನು ಎರಡು ಕಂಪ್ಯೂಟರ್ ಹೋಲಿಸಿರಲೇ ಇಲ್ಲ, ಎರಡು ಬೇರೆ ಕೆಲಸಗಳನ್ನು ಹೋಲಿಸಿದ್ದೆ.

ಎರಡರಲ್ಲೂ ಸಾಫ್ಟ್‌ವೇರ್ ಎನ್‌ಕೋಡರ್ ಆರಿಸಿ, ಒಂದೇ ಗುಣಮಟ್ಟ ಇಟ್ಟು, ಮೂರು ಮೂರು ಸಲ ಓಡಿಸಿದೆ. ಡೆಸ್ಕ್‌ಟಾಪ್ ಮೂರು ಸಲವೂ ಸುಮಾರು 12 ನಿಮಿಷ 40 ಸೆಕೆಂಡ್. ಲ್ಯಾಪ್‌ಟಾಪ್ ಮೊದಲ ಸಲ 13 ನಿಮಿಷ 50 ಸೆಕೆಂಡ್, ಎರಡನೇ ಸಲ 14.40, ಮೂರನೇ ಸಲ 15.30. ಬಿಸಿಯಾದ ಹಾಗೆಲ್ಲಾ ನಿಧಾನ. ನಾನು ಹೊಗಳಿದ್ದ ಯಂತ್ರವೇ ಹಿಂದೆ ಬಿತ್ತು. ಒಂದೇ ಸಲ ಓಡಿಸಿ ಮೈಕ್ ಮುಂದೆ ಕೂತಿದ್ದು ನನ್ನ ಎರಡನೇ ತಪ್ಪು.

ಅಣ್ಣನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಆಲ್ಬಂ ವಿಡಿಯೋಗೆ ನಿಧಾನ ಆದ್ರೂ ಪರವಾಗಿಲ್ಲ, ಚೆನ್ನಾಗಿರಬೇಕು. ವಾಟ್ಸಾಪ್‌ಗೆ ಕಳಿಸೋದಕ್ಕೆ ಸ್ಪೀಡ್ ಸಾಕು. ನನಗೆ ಎರಡೂ ಬೇಕು, ಯಾವುದಕ್ಕೆ ಯಾವುದು ಅಂತ ನೀವು ಮೊದಲೇ ಹೇಳಬೇಕಿತ್ತು" ಅಂದರು. ಅಡ್ವಾನ್ಸ್ ವಾಪಸ್ ಬರಲಿಲ್ಲ. ಅದೇ ಅಂಗಡಿಯಲ್ಲಿ ಆ ಐದು ಸಾವಿರವನ್ನು ಒಂದು ಡೆಸ್ಕ್‌ಟಾಪ್‌ಗೆ ಹೊಂದಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗ್ತಿತ್ತೇನೋ.

ಹಾಗಾಗಿ ಇನ್ನು ಮುಂದೆ ಈ ಪಾಡ್‌ಕಾಸ್ಟ್‌ನಲ್ಲಿ ನಾನು ಬರೀ ನಿಮಿಷದ ಲೆಕ್ಕ ಹೇಳಲ್ಲ. ಯಾವ ಎನ್‌ಕೋಡರ್, ಎಷ್ಟು ಗುಣಮಟ್ಟ, ಎಷ್ಟು ಸಲ ಓಡಿಸಿದೆ, ಕೊನೇ ಫೈಲ್ ಎಷ್ಟು ದೊಡ್ಡದು, ಚಾರ್ಜರ್ ಹಾಕಿತ್ತಾ ಇಲ್ವಾ, ಎಲ್ಲಾ ಹೇಳ್ತೀನಿ. ಸ್ಕ್ರಿಪ್ಟ್ ಬರೆಯೋದರ ನಿಜವಾದ ಲಾಭ ನನ್ನ ಸಮಯ ಉಳಿಯೋದಲ್ಲ. ಅದನ್ನು ನಿಮ್ಮ ಕೈಗೆ ಕೊಟ್ಟರೆ, ನೀವೂ ಓಡಿಸಿ "ನಿನ್ನ ಲೆಕ್ಕ ತಪ್ಪು" ಅಂತ ನನಗೆ ಹೇಳಬಹುದು. ಯಾರಾದರೂ "ಎರಡು ಪಟ್ಟು ಸ್ಪೀಡ್" ಅಂದರೆ ನೀವೂ ಒಂದೇ ಪ್ರಶ್ನೆ ಕೇಳಿ: ಯಾವ ಕೆಲಸದಲ್ಲಿ?